ಒಸಡಲ್ಲಿ ರಕ್ತ ಬಂದರೆ ಆ ಜಾಗ ಮುಟ್ಟಬಾರದಾ?

ಹಲ್ಲುಜ್ಜಿ ಉಗುಳಿದಾಗ ನೊರೆಯಲ್ಲಿ ಕೆಂಪು ಕಂಡರೆ ನಾವು ಸಾಮಾನ್ಯವಾಗಿ ಎರಡರಲ್ಲೊಂದು ಕೆಲಸ ಮಾಡ್ತೀವಿ. ಬ್ರಷ್ ಗಟ್ಟಿಯಾಯ್ತು ಅಂತ ಬೈದು ಹೊಸದು ತರ್ತೀವಿ, ಇಲ್ಲವೇ ರಕ್ತ ಬಂದ ಜಾಗ ಬಿಟ್ಟು ಉಳಿದದ್ದನ್ನು ಉಜ್ಜುತ್ತೀವಿ. ನಾನು ವರ್ಷಗಟ್ಟಲೆ ಎರಡನೆಯದನ್ನೇ ಮಾಡಿದವನು. ಗಾಯಕ್ಕೆ ವಿಶ್ರಾಂತಿ ಕೊಡಬೇಕು ಎಂಬ ಲೆಕ್ಕ. ಒಸಡಿನ ವಿಷಯದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ.

1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಒಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲು ಶುಚಿ ಮಾಡೋದನ್ನೇ ನಿಲ್ಲಿಸಲು ಹೇಳಿದ್ದರು. ಎರಡು-ಮೂರು ವಾರದೊಳಗೆ ಎಲ್ಲರ ಒಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಅಂದ್ರೆ ತಪ್ಪು ಬ್ರಷ್‌ನದಲ್ಲ, ಹಲ್ಲಿನ ಬುಡದಲ್ಲಿ ಕೂತ ಬ್ಯಾಕ್ಟೀರಿಯಾಗಳ ಪದರದ್ದು. ಅದನ್ನು ಎದುರಿಸಲು ದೇಹ ಒಸಡಿಗೆ ಹೆಚ್ಚು ರಕ್ತ ಕಳಿಸುತ್ತದೆ. ಒಸಡು ಊದಿ ಮೃದುವಾಗುತ್ತದೆ, ಮುಟ್ಟಿದರೆ ರಕ್ತ ಜಿನುಗುತ್ತದೆ. ಆ ಜಾಗ ಬಿಟ್ಟಷ್ಟೂ ಪದರ ಬೆಳೆಯುತ್ತದೆ.

ಈ ಪದರ ನೆಮ್ಮದಿಯಾಗಿ ಕೂರೋದು ಎರಡು ಹಲ್ಲುಗಳ ನಡುವೆ. ಬ್ರಷ್‌ನ ಎಳೆ ಅಲ್ಲಿಗೆ ಹೋಗೋದೇ ಇಲ್ಲ. 'ನಾನು ಊಟ ಆದ್ಮೇಲೆ ಕಡ್ಡಿ ಹಾಕ್ತೀನಲ್ಲ' ಅಂತ ನಮ್ಮಲ್ಲಿ ಹಲವರು ಹೇಳ್ತಾರೆ. ಗುಂಡುಪಿನ್ನು, ಪೊರಕೆಕಡ್ಡಿ, ಬೆಂಕಿಕಡ್ಡಿ ಎಲ್ಲವೂ ನಮ್ಮ ಬಾಯಿ ಸೇರಿವೆ! ಆದರೆ ಅವು ತೆಗೆಯೋದು ಸಿಕ್ಕಿಕೊಂಡ ಸೊಪ್ಪಿನ ನಾರನ್ನು, ಮಾಂಸದ ಎಳೆಯನ್ನು. ಪದರ ಹಾಗೇ ಉಳಿಯುತ್ತದೆ, ಪಿನ್ನು ಒಸಡಿಗೆ ಚುಚ್ಚುವುದು ಬೇರೆ.

ಹಾಗಾದರೆ ಫ್ಲಾಸ್? 2016ರಲ್ಲಿ ಅಮೆರಿಕದ ಅಸೋಸಿಯೇಟೆಡ್ ಪ್ರೆಸ್ ಫ್ಲಾಸ್‌ಗೆ ಗಟ್ಟಿ ಪುರಾವೆ ಇಲ್ಲ ಎಂದು ವರದಿ ಮಾಡಿದಾಗ, ಅದು ದಂಡ ಅಂತಲೇ ಹಲವರು ಓದಿಕೊಂಡರು. ಪುರಾವೆ ದುರ್ಬಲ ಅನ್ನೋದು ನಿಜ. ಅಧ್ಯಯನಗಳು ಸಣ್ಣವು, ಕೆಲವೇ ವಾರ-ತಿಂಗಳಿನವು. 35 ಪ್ರಯೋಗಗಳನ್ನು ಒಟ್ಟುಮಾಡಿದ 2019ರ ಕೊಕ್ರೇನ್ ವಿಮರ್ಶೆಯೂ ಎಚ್ಚರದಿಂದಲೇ ಮಾತಾಡುತ್ತದೆ: ಉಜ್ಜುವುದರ ಜೊತೆ ಫ್ಲಾಸ್ ಅಥವಾ ಸಂದಿ ಬ್ರಷ್ ಬಳಸಿದರೆ ಒಸಡಿನ ಉರಿಯೂತ ಇನ್ನಷ್ಟು ಕಡಿಮೆಯಾಗಬಹುದು, ಸಂದಿ ಬ್ರಷ್ ಫ್ಲಾಸ್‌ಗಿಂತ ಮೇಲಿರಬಹುದು. ದುರ್ಬಲ ಪುರಾವೆ ಬೇರೆ, ಪ್ರಯೋಜನ ಇಲ್ಲ ಎಂಬ ಪುರಾವೆ ಬೇರೆ. ಖರ್ಚು ಕಡಿಮೆ, ಅಪಾಯ ಕಡಿಮೆ ಇರುವಾಗ ನಾನು 'ಬಹುದು' ಪಕ್ಷಕ್ಕೇ ಸೇರ್ತೀನಿ.

ಸಂದಿ ಬ್ರಷ್ ಅಂದ್ರೆ ಬಾಟಲಿ ತೊಳೆಯುವ ಬ್ರಷ್‌ನ ಮರಿ. ಅಳತೆ ಮುಖ್ಯ: ಸ್ವಲ್ಪ ಬಿಗಿಯಾಗಿ ಹೋಗಬೇಕು, ನೂಕಬಾರದು. ಒಂದೇ ಬಾಯಿಗೆ ಎರಡು ಅಳತೆ ಬೇಕಾಗಬಹುದು. ಅದು ಹೋಗದಷ್ಟು ಒತ್ತಾದ ಹಲ್ಲಿಗೆ ಫ್ಲಾಸ್. ದಾರವನ್ನು ಗರಗಸದಂತೆ ಎಳೆಯದೆ, ಹಲ್ಲಿಗೆ ಅಪ್ಪಿಸಿ ಮೇಲೆ ಕೆಳಗೆ ಉಜ್ಜಬೇಕು. ಶುರುವಿನ ದಿನಗಳಲ್ಲಿ ರಕ್ತ ಬರುತ್ತೆ. ನನಗೂ ಬಂತು, ಎರಡನೇ ವಾರಕ್ಕೆ ನಿಂತಿತು.

ನಿಲ್ಲದಿದ್ದರೆ ದಂತವೈದ್ಯರ ಬಳಿ ಹೋಗಲೇಬೇಕು. ಗಟ್ಟಿಯಾದ ಪಾಚಿಯನ್ನು ಯಾವ ಬ್ರಷ್ಷೂ ಕೀಳಲ್ಲ, ಹಲ್ಲು ಹಿಡಿದಿರುವ ಮೂಳೆ ಒಮ್ಮೆ ಕರಗಿದರೆ ತಾನಾಗಿ ಮರಳಿ ಬೆಳೆಯಲ್ಲ. ಇನ್ನು ಸಿಗರೇಟು, ಬೀಡಿ ಸೇದುವವರು 'ನನಗೆ ರಕ್ತವೇ ಬರಲ್ಲ' ಅಂತ ಸಮಾಧಾನ ಪಡೋ ಹಾಗಿಲ್ಲ. ಹೊಗೆ ಒಸಡಿನ ರಕ್ತಸ್ರಾವವನ್ನು ತಗ್ಗಿಸಿ, ರೋಗವನ್ನು ಒಳಗೇ ಮುಚ್ಚಿಡುತ್ತದೆ.