ಕಪ್ಪು ಪರದೆಯ ಹಿಂದೊಂದು ಕಿರ್ದಿ

ಇಡಗುಂದಿಯ ಓದುಗರೊಬ್ಬರ ಪ್ರಶ್ನೆ ಇದು. ಮನೆಯ ಹಳೇ ಲ್ಯಾಪ್‌ಟಾಪಿಗೆ ಬೆಂಗಳೂರಿನಲ್ಲಿರುವ ಅಣ್ಣನ ಮಗ ಉಬುಂಟು ಲಿನಕ್ಸ್ ಹಾಕಿಕೊಟ್ಟಿದ್ದ. ಚೆನ್ನಾಗಿಯೇ ನಡೆದಿತ್ತು. ಮಳೆಗಾಲದ ಒಂದು ರಾತ್ರಿ ಅರಬೈಲು ಘಟ್ಟದ ಕಡೆ ಮರ ಬಿದ್ದು ಕರೆಂಟು ಹೋಯಿತು. ಮರುದಿನ ಗುಂಡಿ ಒತ್ತಿದರೆ ಕಪ್ಪು ಪರದೆ, ಬಿಳಿ ಅಕ್ಷರದ ನಾಲ್ಕು ಸಾಲು, ಕೊನೆಗೆ ಕಂಸದೊಳಗೆ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಪದ. ಪೇಟೆಯ ರಿಪೇರಿಯವರು ‘ಡಿಸ್ಕ್ ಹೋಯ್ದು, ಫಾರ್ಮ್ಯಾಟ್ ಮಾಡವು’ ಅಂದರಂತೆ. ಪಕ್ಕದ ಮನೆಯವರು ದೃಷ್ಟಿ ತೆಗೆಸಿ ಅಂದರಂತೆ. ತೋಟದ ಲೆಕ್ಕ, ಮಗಳ ಪ್ರಾಜೆಕ್ಟು, ಮದುವೆಯ ಫೋಟೋ ಎಲ್ಲ ಅದರಲ್ಲೇ ಇವೆ. ಯಾರ ಮಾತು ಕೇಳಲಿ ಎನ್ನುತ್ತಾರೆ.

ಇಬ್ಬರದ್ದೂ ಬೇಡ. ಲಿಂಬೆಹಣ್ಣು ಪಾನಕಕ್ಕೆ ಇರಲಿ. ಆಯುಧಪೂಜೆಯ ದಿನ ಕೀಬೋರ್ಡಿನ ಸಂದಿಗೆ ಕುಂಕುಮ ಉದುರಿಸುವುದರಿಂದ ಆಗುವ ಹಾನಿಯನ್ನು ಯಾವ ಕೆಟ್ಟ ಕಣ್ಣೂ ಮಾಡಲಾರದು. ರಿಪೇರಿಯವರ ತೀರ್ಪಿಗೆ ಮಾತ್ರ ಪರದೆಯೇ ಉತ್ತರ ಕೊಟ್ಟಿದೆ. ಆ ಕಂಸದೊಳಗಿನ ಪದ ಒಂದು ಪುಟ್ಟ ತಾತ್ಕಾಲಿಕ ವ್ಯವಸ್ಥೆಯ ಹೆಸರು. ಅದೂ, ಲಿನಕ್ಸಿನ ತಿರುಳಾದ ಕರ್ನಲ್ಲೂ ಇರುವುದು ಅದೇ ಡಿಸ್ಕಿನಲ್ಲಿ. ಗ್ರಬ್ ಎಂಬ ಪ್ರೋಗ್ರಾಮು ಅವೆರಡನ್ನೂ ಅಲ್ಲಿಂದ ಓದಿ ಮೆಮರಿಗೆ ತಂದು ಕೂರಿಸಿದ ಮೇಲೆಯೇ ಆ ಪದ ಕಾಣುವುದು. ಡಿಸ್ಕ್ ಪೂರಾ ಸತ್ತಿದ್ದರೆ ಅಕ್ಷರಗಳು ಬರುವುದಾದರೂ ಎಲ್ಲಿಂದ? ಒಳಗೆ ಕರ್ನಲ್ ಎಚ್ಚರವಾಗಿಯೇ ಇದೆ. ಡಿಸ್ಕಿನ ಮುಖ್ಯ ಭಾಗವನ್ನು ತೆರೆಯುವ ಮೊದಲು ಏನೋ ಅನುಮಾನ ಬಂದು, ಇನ್ನಷ್ಟು ಕೆಡಿಸುವುದು ಬೇಡವೆಂದು ಹೊಸ್ತಿಲಲ್ಲೇ ನಿಂತಿದೆ.

ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆಯಲ್ಲ, ಕರೆಂಟು ಹೋದರೇನು ಎಂದು ಕೇಳಬಹುದು. ನಮ್ಮ ಕಡೆಯ ಹಳೇ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಚಾರ್ಜರಿನ ದಯೆಯಲ್ಲೇ ಉಸಿರಾಡುವಂಥವು. ವಯರು ಕಿತ್ತರೆ ಅದೇ ಕ್ಷಣ ಕತ್ತಲು.

ಆ ಕ್ಷಣದಲ್ಲಿ ಡಿಸ್ಕಿನೊಳಗೆ ಏನಾಗುತ್ತದೆ ಎಂಬುದು ನನಗೆ ಬಹಳ ಇಷ್ಟವಾದ ಕಥೆ. ಒಂದು ಕಡತ ಉಳಿಸುವುದು ಒಂದೇ ಕೆಲಸವಲ್ಲ. ಖಾಲಿ ಜಾಗ ಗುರುತಿಸಬೇಕು, ಕಡತದ ವಿವರ ಬರೆಯಬೇಕು, ಅದರ ಹೆಸರನ್ನು ಫೋಲ್ಡರಿನ ಪಟ್ಟಿಗೆ ಸೇರಿಸಬೇಕು. ಇವುಗಳ ನಡುವೆ ಕರೆಂಟು ಹೋದರೆ ಪಟ್ಟಿಗೂ ಜಾಗಕ್ಕೂ ತಾಳೆಯಾಗುವುದಿಲ್ಲ. 1993ರ ಎಕ್ಸ್ಟ್2 ಎಂಬ ಕಡತ ವ್ಯವಸ್ಥೆಯಲ್ಲಿ ಹೀಗಾದಾಗ ಇಡೀ ಡಿಸ್ಕನ್ನು ಮೂಲೆಮೂಲೆ ತಡಕಬೇಕಿತ್ತು. ಸ್ಟೀಫನ್ ಟ್ವೀಡಿ 1998ರಲ್ಲಿ ಇದಕ್ಕೊಂದು ಪರಿಹಾರ ವಿವರಿಸಿದರು. 2001ರಲ್ಲಿ ಅದು ಎಕ್ಸ್ಟ್3 ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೆ ಬಂತು. ಇಂದಿನ ಎಕ್ಸ್ಟ್4 ಅದರದೇ ಸಂತತಿ.

ಉಪಾಯ ಸೊಸೈಟಿಯ ಗುಮಾಸ್ತರಿಗೆ ಹೊಸದಲ್ಲ. ಖಾತೆ ಪುಸ್ತಕ ಮುಟ್ಟುವ ಮೊದಲು ವ್ಯವಹಾರವನ್ನು ಕಿರ್ದಿಯಲ್ಲಿ ಬರೆದುಕೊಳ್ಳುವುದು. ಎಕ್ಸ್ಟ್4 ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಆವರೆಗಿನ ಬದಲಾವಣೆಗಳನ್ನು ಜರ್ನಲ್ ಎಂಬ ಕಿರ್ದಿಗೆ ಹಾಕಿ, ಕೊನೆಗೊಂದು ಮುಕ್ತಾಯದ ಗುರುತು ಒತ್ತುತ್ತದೆ. ಮತ್ತೆ ಚಾಲೂ ಆದಾಗ ಗುರುತು ಇರುವ ನಮೂದುಗಳನ್ನು ಖಾತೆಗೆ ಏರಿಸುತ್ತದೆ. ಗುರುತು ಬೀಳದೆ ಅರ್ಧಕ್ಕೆ ನಿಂತ ನಮೂದನ್ನು ಹಾಗೇ ಬಿಟ್ಟುಬಿಡುತ್ತದೆ. ಅರೆಬರೆ ಆಗುವುದಕ್ಕಿಂತ ಆಗದೇ ಇದ್ದದ್ದೇ ವಾಸಿ ಎಂಬ ಈ ನಿಷ್ಠುರತೆ ನನಗೆ ಮೆಚ್ಚು. ಬ್ಯಾಟರಿ ತೆಗೆದಿಟ್ಟ ಹಳೇ ಲ್ಯಾಪ್‌ಟಾಪಿನಲ್ಲಿ ಕಡತ ನಕಲಾಗುತ್ತಿರುವಾಗಲೇ ಚಾರ್ಜರ್ ಕಿತ್ತು ನೋಡಿದ್ದೇನೆ. ಮತ್ತೆ ಹಚ್ಚಿದಾಗ ‘ರಿಕವರಿಂಗ್ ಜರ್ನಲ್’ ಎಂಬ ಒಂದು ಸಾಲು, ಹಿಂದೆಯೇ ‘ಕ್ಲೀನ್’. ಅಷ್ಟೇ ಶಾಸ್ತ್ರ. ಆದರೆ ಈ ಕಿರ್ದಿ ಕಾಯುವುದು ಡಿಸ್ಕಿನ ಲೆಕ್ಕವನ್ನು. ನೀವು ಆಗಷ್ಟೇ ಟೈಪು ಮಾಡಿದ ಪ್ಯಾರಾ ಹೋದರೆ ಹೋಯಿತು.

ಡಿಸ್ಕಿನಲ್ಲಿ ಕೆಟ್ಟ ಜಾಗಗಳಿದ್ದರೆ, ಅಥವಾ ‘ಬರೆದಾಯಿತು’ ಎಂದು ಡಿಸ್ಕೇ ಸುಳ್ಳು ಹೇಳಿದ್ದರೆ ಕಿರ್ದಿಯೂ ಸಾಲದು. ಇಡಗುಂದಿಯ ಪರದೆ ಕೇಳುತ್ತಿರುವುದು ಈ ಹಂತದ ದುರಸ್ತಿಯನ್ನೇ ಇರಬೇಕು: ‘ಎಫ್‌ಎಸ್‌ಸಿಕೆಯನ್ನು ಕೈಯಾರೆ ಓಡಿಸಿ’ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದಿದೆಯೇ, ಮೊದಲು ನೋಡಿ. ಇದ್ದರೆ ಆ ಆಜ್ಞೆ ಟೈಪಿಸಿ, ಮುಂದೆ ಅದೇ ಸಾಲಿನಲ್ಲಿರುವ ಡಿಸ್ಕ್ ಭಾಗದ ಹೆಸರು ಸೇರಿಸಿ. ಅದು ಒಂದೊಂದೇ ತಪ್ಪು ತೋರಿಸಿ ಸರಿಪಡಿಸಲೇ ಎಂದು ಕೇಳುತ್ತದೆ. ಮುಗಿದ ಮೇಲೆ ‘ಎಕ್ಸಿಟ್’ ಎಂದರೆ ಬೂಟ್ ಮುಂದುವರಿಯುತ್ತದೆ. ಗಾಬರಿ ಬೇಡ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದೇ ಲಿನಕ್ಸ್ ಮೇಲೆ. ಅದೇನು ಪಂಡಿತರ ಸೊತ್ತಲ್ಲ.

ದುರಸ್ತಿಯ ನಂತರ ಕೆಲವು ಕಡತ ಕಾಣೆಯಾಗಿದ್ದರೆ ‘ಲಾಸ್ಟ್+ಫೌಂಡ್’ ಎಂಬ ಫೋಲ್ಡರ್ ಹುಡುಕಿ. ಲಿನಕ್ಸಿನಲ್ಲಿ ಕಡತದ ಹೆಸರು ಕಡತದ ಜೊತೆ ಇರುವುದಿಲ್ಲ, ಫೋಲ್ಡರಿನ ಪಟ್ಟಿಯಲ್ಲಿರುತ್ತದೆ. ಪಟ್ಟಿ ಹರಿದರೆ ಕಡತ ಅನಾಥ. ಅಂಥವನ್ನು ಹೆಕ್ಕಿ, ಹೆಸರಿನ ಬದಲು ಬರೀ ಸಂಖ್ಯೆ ಹಚ್ಚಿ ಇಲ್ಲಿಡುತ್ತಾರೆ. ಕೆಟ್ಟ ಡಿಸ್ಕಿನಲ್ಲಿ ಆ ಹೊತ್ತಿಗೆ ಹೊಸ ಜಾಗ ಹುಡುಕುವುದು ಅಪಾಯವೆಂದು, ಡಿಸ್ಕನ್ನು ಮೊದಲ ಸಲ ಸಿದ್ಧಮಾಡುವಾಗಲೇ ಈ ಫೋಲ್ಡರಿಗೆ ಜಾಗ ಕಾದಿರಿಸಿರುತ್ತಾರೆ. ಎಂಥ ಮುಂದಾಲೋಚನೆ! ಸಂಖ್ಯೆ ನೋಡಿ ಕಂಗಾಲಾಗಬೇಡಿ. ‘ಫೈಲ್’ ಎಂಬ ಆಜ್ಞೆ ಕಡತದೊಳಗೆ ಇಣುಕಿ ಇದು ಫೋಟೋ, ಇದು ಪಿಡಿಎಫ್ ಎಂದು ಹೇಳುತ್ತದೆ.

ಒಂದು ಎಚ್ಚರಿಕೆ ಇದೆ. ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ, ಓದುವಾಗಲೇ ತಪ್ಪುಗಳ ಸಾಲು ಸುರಿಯುತ್ತಿದ್ದರೆ ಎಫ್‌ಎಸ್‌ಸಿಕೆ ಮುಟ್ಟಲೇಬೇಡಿ. ಉಬುಂಟು ಇರುವ ಪೆನ್‌ಡ್ರೈವಿನಿಂದ ಲ್ಯಾಪ್‌ಟಾಪ್ ಹಚ್ಚಿ, ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡುವವರಿಗೆ ಅದರ ನಂತರ ಕೊಡಿ.