ಎರಡನೆಯ ಸಲ ಚಾವಿ ತಿರುವುವ ಮುನ್ನ

ರಾಮದುರ್ಗ ತಾಲೂಕಿನ ಗೊಡಚಿಯಲ್ಲಿ ವೀರಭದ್ರೇಶ್ವರನ ಜಾತ್ರೆ ಮುಗಿಸಿಕೊಂಡು ನಾವು ಬೈಲಹೊಂಗಲದ ನಮ್ಮ ಮನೆಗೆ ಮರಳುತ್ತಿದ್ದ ಚಳಿಗಾಲದ ಒಂದು ಮುಂಜಾವು. ಸವದತ್ತಿಯಲ್ಲಿ ಚಹಾ ಕುಡಿಯಲೆಂದು ಕಾರನ್ನು ನಿಲ್ಲಿಸಿದೆವು. ಹಿಂದಿನ ಆಸನದಲ್ಲಿ ವಯಸ್ಸಾದ ನಮ್ಮ ತಾಯಿಯವರಿದ್ದರು. ಸಕ್ಕರೆ ಕಾಯಿಲೆಯವರಾದ ಅವರ ಇನ್ಸುಲಿನ್ ಮನೆಯಲ್ಲಿಯೇ ಉಳಿದಿತ್ತು. ಮರಳಿ ಬಂದು ಚಾವಿ ತಿರುವಿದರೆ ಗಾಡಿಯು ‘ಟಕ್’ ಎಂದು ಒಂದು ಸದ್ದು ಮಾಡಿ ಸುಮ್ಮನಾಯಿತು. ಗಾಬರಿಗೊಂಡು ಮತ್ತೆ ಮತ್ತೆ ತಿರುವಿದೆವು. ಕೊನೆಗೆ ಆ ಸದ್ದೂ ಅಡಗಿತು. ನೆರೆದವರಲ್ಲಿ ಒಬ್ಬರು ಪೆಟ್ರೋಲು ಕೆಟ್ಟಿದೆಯೆಂದರು, ಮತ್ತೊಬ್ಬರು ಪ್ಲಗ್ ಹೋಗಿದೆಯೆಂದರು, ಹಿರಿಯರೊಬ್ಬರು ದೃಷ್ಟಿ ತಾಗಿದೆ, ನಿಂಬೆಹಣ್ಣು ನಿವಾಳಿಸಿರೆಂದರು. ಗ್ಯಾರೇಜಿನವರೊಬ್ಬರು ಬಂದು, ಬ್ಯಾಟರಿ ಸತ್ತಿದೆಯೆಂದು ಹೊಸದನ್ನು ಕೂಡಿಸಿದರು. ಗಾಡಿ ಹೊರಟಿತು. ನಾವು ಮನೆ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ತಾಯಿಯವರನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು.

ಒಂದು ತಿಂಗಳ ಮೇಲೆ ಕಿತ್ತೂರಿನಲ್ಲಿ ಬಂಧುಗಳ ಮದುವೆ ಮುಗಿಸಿ ಹೊರಟಾಗ ಮತ್ತೆ ಅದೇ ‘ಟಕ್’. ಅಲ್ಲಿ ವೃದ್ಧ ಮಿಸ್ತ್ರಿಯೊಬ್ಬರು ಚಾವಿಯನ್ನು ನಮ್ಮ ಕೈಯಿಂದ ತೆಗೆದುಕೊಂಡು, “ಸಾಹೇಬ್ರ, ಗಾಡಿ ಏನ್ ಅನ್ನಾಕತ್ತೈತಿ ಅಂತ ಮೊದ್ಲ ಕೇಳ್ರಿ. ಸುಮ್ನ ತಿರುವ್‌ಬ್ಯಾಡ್ರಿ” ಎಂದರು. ಬ್ಯಾಟರಿಯಿಂದ ಗಾಡಿಯ ಮೈಗೆ ಬರುವ ಕಪ್ಪು ತಂತಿಯ, ಅಂದರೆ ಅರ್ಥಿಂಗ್ ತಂತಿಯ ನಟ್ಟು ಸಡಿಲವಾಗಿ ತುಕ್ಕು ಹಿಡಿದಿತ್ತು. ಅದನ್ನು ಉಜ್ಜಿ ಬಿಗಿದರು. ಹತ್ತು ನಿಮಿಷದ ಕೆಲಸ. ಸವದತ್ತಿಯಲ್ಲಿ ಹೊಸ ಬ್ಯಾಟರಿ ಹಾಕುವಾಗ ತಂತಿಗಳು ಅಲುಗಾಡಿದ್ದರಿಂದ ಗಾಡಿ ಎದ್ದಿತ್ತೇ ಹೊರತು ಹಳೆಯ ಬ್ಯಾಟರಿಯಲ್ಲಿ ಮೂಲದೋಷವೇನೂ ಇರಲಿಲ್ಲ. ಅದನ್ನು ನಾವೇ ಮತ್ತೆ ಮತ್ತೆ ತಿರುವಿ ಬರಿದು ಮಾಡಿದ್ದೆವು.

ಬಂಧುಗಳೇ, ಇಂದು ಕಾರು ಅನೇಕ ಮನೆಗಳ ಅಂಗಳದಲ್ಲಿದೆ. ಅದು ಹೊರಡದಿದ್ದಾಗ ಮೊದಲು ತಿಳಿಯಬೇಕಾದದ್ದು ಒಂದೇ: ಇಂಜಿನ್ನು ತಿರುಗುತ್ತಿದೆಯೋ, ಇಲ್ಲವೋ? ತಿರುಗದಿದ್ದರೆ ದೋಷವು ಬಹುಮಟ್ಟಿಗೆ ಬ್ಯಾಟರಿ, ತಂತಿ, ಇಲ್ಲವೇ ಸೆಲ್ಫ್ ಎಂದು ನಾವು ಕರೆಯುವ ಸ್ಟಾರ್ಟರಿನಲ್ಲಿರುತ್ತದೆ. ಮುಂದಿನ ದೀಪ ಹಚ್ಚಿಟ್ಟು ಚಾವಿ ತಿರುವಿದಾಗ ದೀಪ ಮಂಕಾದರೆ ಬ್ಯಾಟರಿಯನ್ನೂ ಅದರ ಕೂಡುವೆಗಳನ್ನೂ ಶಂಕಿಸಬೇಕು. ದೀಪ ಉಜ್ವಲವಾಗಿದ್ದು ‘ಟಕ್’ ಎಂಬ ಒಂದೇ ಸದ್ದು ಬಂದರೆ ಸೆಲ್ಫನ್ನು ಶಂಕಿಸಬೇಕು. ಬ್ಯಾಟರಿಯ ತುದಿಗಳಲ್ಲಿ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರಿನಲ್ಲಿ ಅಡಿಗೆ ಸೋಡಾ ಕಲಸಿ ತೊಳೆದು, ಒಣಗಿಸಿ, ವ್ಯಾಸಲೀನ್ ಸವರಬೇಕು. ಬಿಚ್ಚುವಾಗ ಕಪ್ಪು ತಂತಿ ಮೊದಲು, ಕೂಡಿಸುವಾಗ ಕಪ್ಪು ತಂತಿ ಕೊನೆಗೆ.

ತಿರುಗಿದರೂ ಹತ್ತಿಕೊಳ್ಳದಿದ್ದರೆ ಮಾತು ಬೇರೆ. ಇಂಧನ ಮುಟ್ಟುತ್ತಿಲ್ಲ, ಇಲ್ಲವೇ ಕಿಡಿ ಹುಟ್ಟುತ್ತಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಚಾವಿಯನ್ನು ಅರ್ಧ ತಿರುವಿದೊಡನೆ ಹಿಂದಿನ ಟ್ಯಾಂಕಿನಿಂದ ಎರಡು ಮೂರು ಕ್ಷಣ ‘ಜುಂಯ್’ ಎಂಬ ಸಣ್ಣ ನಾದ ಕೇಳಬೇಕು. ಕೇಳದಿದ್ದರೆ ಪಂಪು ಅಥವಾ ಅದರ ಫ್ಯೂಸು ನೋಡಿಸಿರಿ. ಡೀಸೆಲ್ ಗಾಡಿಯವರು ಚಳಿಯ ಮುಂಜಾನೆ ಸುರುಳಿಯಾಕಾರದ ಹಳದಿ ದೀಪ ಆರುವವರೆಗೆ ತಾಳಬೇಕು. ಕಬ್ಬಿನ ಹೊಲದ ಮಗ್ಗುಲಿಗೋ ಕಣಜದ ಬಳಿಯೋ ಗಾಡಿ ನಿಲ್ಲಿಸುವವರು ಬಾನೆಟ್ಟು ತೆರೆದು ಇಲಿಗಳು ವೈರು ಕಡಿದಿಲ್ಲವಷ್ಟೇ ಎಂದು ನೋಡಿಕೊಳ್ಳುವುದೂ ಒಳಿತು.

ಅಂಬಾಸಿಡರಿನ ಕಾಲದಲ್ಲಿ ಹ್ಯಾಂಡಲ್ ಹೊಡೆದೋ ಹತ್ತು ಜನ ದೂಡಿಯೋ ಗಾಡಿ ಎಬ್ಬಿಸುತ್ತಿದ್ದೆವು. ಅದರ ತಯಾರಿಕೆ 2014ರಲ್ಲಿ ನಿಂತಿತು. ಗೇರು ತಾನೇ ಬದಲಾಗುವ ಇಂದಿನ ಗಾಡಿಗಳು ದೂಡಿದರೆ ಸಾಮಾನ್ಯವಾಗಿ ಏಳವು. ಕೈಗೇರಿನ ಗಾಡಿಯನ್ನೂ ಯಲ್ಲಮ್ಮನ ಗುಡ್ಡದಂಥ ಇಳಿಜಾರಿನಲ್ಲಿ ಬಿಟ್ಟು ಎಬ್ಬಿಸುವ ಸಾಹಸ ಬೇಡ. ಇಂಜಿನ್ನು ನಿಂತಿರುವಾಗ ಬ್ರೇಕು, ಸ್ಟಿಯರಿಂಗು ಎರಡೂ ಬಿಗಿಯಾಗುತ್ತವೆ. ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಒಮ್ಮೆಲೇ ಹೊಡೆಯದೆ, ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಬೇಕು.

ಹಳ್ಳಿಯಲ್ಲಿ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಕರೆಂಟು ಪಡೆಯುವುದುಂಟು. ಟ್ರ್ಯಾಕ್ಟರಿನದು ಸಾಮಾನ್ಯವಾಗಿ ಕಾರಿನಂತೆಯೇ 12 ವೋಲ್ಟು. ದೊಡ್ಡ ಲಾರಿ, ಬಸ್ಸುಗಳಲ್ಲಿ 24 ವೋಲ್ಟು ಇರುವುದರಿಂದ ಅವುಗಳಿಗೆ ಕೂಡಿಸಲಾಗದು. ಕೆಂಪು ತಂತಿಯನ್ನು ಕೆಂಪಿಗೆ ಕೂಡಿಸಿ, ಕಪ್ಪು ತಂತಿಯ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಚ್ಚದೆ, ಅದರಿಂದ ದೂರದ ಬಣ್ಣವಿಲ್ಲದ ಕಬ್ಬಿಣಕ್ಕೆ ಹಚ್ಚಬೇಕು. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲಕ್ಕೆ ಕಿಡಿ ತಾಗಿದರೆ ಅದು ಸಿಡಿಯುತ್ತದೆ. ಬಗ್ಗಿ ನೋಡುವವರ ಬಾಯಲ್ಲಿ ಬೀಡಿ ಇರಕೂಡದು.

ಎಲ್ಲಕ್ಕೂ ಮಿಗಿಲಾದ ಎಚ್ಚರಿಕೆಯೊಂದಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿದ್ದನ್ನು ನಮ್ಮ ಭಾಗದವರು ಮರೆತಿಲ್ಲ. ಅಂತಹ ನೆರೆ ಇಳಿದ ಮೇಲೆ, ಮುಳುಗಿದ್ದ ಗಾಡಿ ಹೇಗಿದೆಯೋ ನೋಡೋಣವೆಂದು ಚಾವಿ ತಿರುವುವುದು ಮನುಷ್ಯಸಹಜ. ಆದರೆ ಗಾಳಿಯಂತೆ ನೀರು ಒತ್ತಿದರೆ ಕುಗ್ಗದು. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡು ಬಾಗುತ್ತದೆ, ಒಮ್ಮೊಮ್ಮೆ ಇಂಜಿನ್ನೇ ಒಡೆಯುತ್ತದೆ. ಇಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಈ ನಷ್ಟವನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇಲ್ಲಿ ಎರಡನೆಯ ಸಲವಲ್ಲ, ಮೊದಲನೆಯ ಸಲವೂ ಚಾವಿ ತಿರುವಬಾರದು. ಬ್ಯಾಟರಿಯ ಕಪ್ಪು ತಂತಿಯನ್ನು ಬಿಚ್ಚಿ, ಫೋಟೋ ತೆಗೆದಿಟ್ಟುಕೊಂಡು, ಗಾಡಿಯನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.

ಕಿತ್ತೂರಿನ ಮಿಸ್ತ್ರಿಯವರು ಅಂದು ಚಹಾದ ದುಡ್ಡಿಗಿಂತ ಹೆಚ್ಚೇನನ್ನೂ ಮುಟ್ಟಲಿಲ್ಲ. ಅಂದಿನಿಂದ ನಮ್ಮ ಕಾರಿನಲ್ಲಿ 10ನೇ ನಂಬರಿನ ಪಾನಾ, ಒಂದು ತುಂಡು ಪಾಲಿಶ್ ಪೇಪರ್, ಜಂಪ್ ಕೇಬಲ್ ಇರುತ್ತವೆ. ತಾಯಿಯವರು ಬರುವ ದಿನ ಥರ್ಮಾಸಿನಲ್ಲಿ ಅವರ ಔಷಧವೂ ಇರುತ್ತದೆ.