ಹೃದ್ರೋಗಿಗಳ ಪಾಲಿಗೆ ನೋವಿನ ಮಾತ್ರೆ ಎಷ್ಟು ಸುರಕ್ಷಿತ?

ಬೆಂಗಳೂರು: ಪೀಣ್ಯದ ಕಾರ್ಖಾನೆಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ಸೊಂಟನೋವು, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಕಂಪ್ಯೂಟರ್ ಎದುರು ಕೂರುವವರಿಗೆ ಕತ್ತುನೋವು. ಎರಡಕ್ಕೂ ಸುಲಭವಾಗಿ ಸಿಗುವ ಪರಿಹಾರ ಔಷಧಿ ಅಂಗಡಿಯ ನೋವಿನ ಮಾತ್ರೆ. ವೈದ್ಯರ ಚೀಟಿಯಿಲ್ಲದೆ ಡೈಕ್ಲೋಫೆನಾಕ್ ಮಾತ್ರೆಯನ್ನು ಮಾರುವಂತಿಲ್ಲ ಎಂಬ ನಿಯಮವೇನೋ ಇದೆ. ಪಾಲನೆಯ ಮಾತು ಬೇರೆ.

ಆರೋಗ್ಯವಂತರು ಒಂದೆರಡು ದಿನ ನುಂಗಿದರೆ ಸಾಮಾನ್ಯವಾಗಿ ತೊಂದರೆಯಾಗದ ಈ ಮಾತ್ರೆ, ಹೃದಯಾಘಾತಕ್ಕೆ ಒಳಗಾದವರಿಗೆ ಅಥವಾ ಸ್ಟೆಂಟ್ ಹಾಕಿಸಿಕೊಂಡವರಿಗೆ ಅಪಾಯ ತರಬಲ್ಲದು.

ಕಾರಣ ರಕ್ತನಾಳದಲ್ಲಿದೆ. ನೋವು, ಊತಗಳನ್ನು ಉಂಟುಮಾಡುವ ಕಾಕ್ಸ್-2 ಎಂಬ ಕಿಣ್ವವೇ ನಾಳದ ಒಳಪದರದಲ್ಲಿ ಪ್ರೋಸ್ಟಾಸೈಕ್ಲಿನ್ ಎಂಬ ರಾಸಾಯನಿಕದ ಉತ್ಪತ್ತಿಗೂ ಬೇಕು. ನಾಳವನ್ನು ಹಿಗ್ಗಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವುದು ಇದರ ಕೆಲಸ. ಮಾತ್ರೆ ನೋವನ್ನು ಅಡಗಿಸುವಾಗ ಈ ರಕ್ಷಣೆಯನ್ನೂ ಕುಗ್ಗಿಸುತ್ತದೆ. ಜೊತೆಗೆ ಮೂತ್ರಪಿಂಡಗಳು ಉಪ್ಪು, ನೀರನ್ನು ದೇಹದಲ್ಲೇ ಉಳಿಸಿಕೊಳ್ಳುವುದರಿಂದ ರಕ್ತದೊತ್ತಡ ಏರಿ, ದುರ್ಬಲ ಹೃದಯದ ಮೇಲೆ ಹೊರೆ ಬೀಳುತ್ತದೆ. ಹೃದಯಾಘಾತದ ರೋಗಿ ದಾಖಲಾದೊಡನೆ ಇಂತಹ ಮಾತ್ರೆಗಳನ್ನು ನಿಲ್ಲಿಸಬೇಕೆಂದು ಚಿಕಿತ್ಸಾ ಮಾರ್ಗಸೂಚಿಗಳು ಹೇಳುವುದು ಇದರಿಂದಲೇ.

ಈ ಅಪಾಯ ಜಗತ್ತಿನ ಗಮನ ಸೆಳೆದದ್ದು 2004ರಲ್ಲಿ. ಹೃದಯಾಘಾತ ಹೆಚ್ಚಿಸುತ್ತದೆಂಬುದು ಖಚಿತವಾದಾಗ ಅಮೆರಿಕದ ಮರ್ಕ್ ಕಂಪನಿ ತನ್ನ ರೋಫೆಕಾಕ್ಸಿಬ್ ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಭಾರತವೂ ಅದನ್ನು ನಿಷೇಧಿಸಿತು. ಹೊಸ ಔಷಧಗಳಷ್ಟೇ ಅಪಾಯಕಾರಿ, ಹಳೆಯವು ನಿರಪಾಯ ಎಂಬ ನಂಬಿಕೆಯೂ ಹೆಚ್ಚು ಕಾಲ ಉಳಿಯಲಿಲ್ಲ. ಹೃದಯಾಘಾತದಿಂದ ಪಾರಾದ 83 ಸಾವಿರಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿದ ಡೆನ್ಮಾರ್ಕ್ ಸಂಶೋಧಕರು 2011ರಲ್ಲಿ ವರದಿ ಪ್ರಕಟಿಸಿದರು: ಮಾತ್ರೆ ಆರಂಭಿಸಿದ ಮೊದಲ ವಾರದಲ್ಲೇ ಸಾವು ಅಥವಾ ಮರು ಆಘಾತದ ಅಪಾಯ ಶೇ 45ರಷ್ಟು ಅಧಿಕ. ಡೈಕ್ಲೋಫೆನಾಕ್‌ನ ಪಾತ್ರ ಎದ್ದು ಕಂಡಿತ್ತು. ಹೃದಯಾಘಾತವಾದವರಿಗೆ ಅದನ್ನು ನೀಡಬಾರದೆಂದು 2013ರಲ್ಲಿ ಯುರೋಪಿನ ಔಷಧ ನಿಯಂತ್ರಕರು ಸೂಚಿಸಿದರು.

ಇಲ್ಲಿ ಗೊಂದಲಕ್ಕೆ ಎಡೆಗೊಡುವುದು ಆಸ್ಪಿರಿನ್. ಅದೂ ಇದೇ ಕುಟುಂಬದ್ದು. ಆದರೆ ಅಲ್ಪ ಪ್ರಮಾಣದಲ್ಲಿ ಅದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಹೃದ್ರೋಗಿಗಳು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಬಾರದು. ಆಸ್ಪಿರಿನ್‌ಗೆ ಮುಂಚೆ ಐಬುಪ್ರೊಫೇನ್ ನುಂಗಿದರೆ ಆಸ್ಪಿರಿನ್‌ನ ಪ್ರಯೋಜನವೇ ಕುಂದಬಹುದು.

ಹೆಸರುಗಳೂ ದಾರಿ ತಪ್ಪಿಸುತ್ತವೆ. ಬೆಂಗಳೂರಿನದೇ ಕಂಪನಿಯ ಡೋಲೋ 650ರಲ್ಲಿರುವುದು ಪ್ಯಾರಾಸಿಟಮಾಲ್ ಮಾತ್ರ. ಕಾಂಬಿಫ್ಲಾಮ್‌ನಲ್ಲಿ ಅದರೊಂದಿಗೆ ಐಬುಪ್ರೊಫೇನ್, ಝೀರೋಡಾಲ್-ಪಿಯಲ್ಲಿ ಅಸೆಕ್ಲೋಫೆನಾಕ್ ಬೆರೆತಿದೆ. 'ಜ್ವರದ ಮಾತ್ರೆಯೇ ತಾನೆ' ಎಂದು ಕೊಳ್ಳುವ ಮುನ್ನ ಹಾಳೆಯ ಹಿಂಬದಿಯ ಸಣ್ಣಕ್ಷರಗಳನ್ನು ಓದಬೇಕು. ಹೃದ್ರೋಗಿಗಳ ಸಾಧಾರಣ ಮೈಕೈ ನೋವಿಗೆ ವೈದ್ಯರು ಮೊದಲು ಸೂಚಿಸುವುದು ಮಿತ ಪ್ರಮಾಣದ ಪ್ಯಾರಾಸಿಟಮಾಲ್.

ಇನ್ನು ಎದೆ ಬಿಗಿತ, ಎಡತೋಳು ಅಥವಾ ದವಡೆಗೆ ಹರಡುವ ನೋವು, ಬೆವರು ಕಾಣಿಸಿಕೊಂಡಾಗ ಅದನ್ನು ಗ್ಯಾಸ್ ಅಥವಾ ಸ್ನಾಯುಸೆಳೆತವೆಂದು ಭಾವಿಸಿ ಮಾತ್ರೆ ನುಂಗಿ ಪಾಳಿ ಮುಗಿಯಲೆಂದು ಕಾಯುವುದು ಅತ್ಯಂತ ಅಪಾಯಕರ. ಮುಚ್ಚಿದ ರಕ್ತನಾಳವನ್ನು ತೆರೆಯುವ ಚಿಕಿತ್ಸೆ ಮೊದಲ ಗಂಟೆಗಳಲ್ಲಿ ದೊರೆತಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. 108ಕ್ಕೆ ಕರೆ ಮಾಡಿ, ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ ತಲುಪಬೇಕು. ಅಲ್ಲಿ ನೋವಿನ ಚುಚ್ಚುಮದ್ದಿಗೆ ತೋಳೊಡ್ಡುವ ಮೊದಲು, ಸ್ಟೆಂಟ್ ಇದ್ದರೆ ಆ ವಿಷಯವನ್ನೂ ಈಗಾಗಲೇ ನುಂಗಿರುವ ಮಾತ್ರೆಯ ಹೆಸರನ್ನೂ ವೈದ್ಯರಿಗೆ ತಿಳಿಸಬೇಕು.